ಗೆಳೆಯ ಊರಿಂದ ಬರುತ್ತಿದ್ದಾನೆ, ಆರಾಮಾಗಿ ಒಂದು ದಿನ ಸ್ಟೀಲ್‌ಹೆಡ್ ಮೀನು ಹಿಡಿಯೋಕೆ ಎಲ್ಲಿಗೆ ಹೋಗೋದು?

ತುಂಗಾತೀರ, ರೆಡ್ಮಂಡ್ (ಅಮೆರಿಕದ ವಾಷಿಂಗ್ಟನ್ ರಾಜ್ಯ)

ಮಾರ್ಚ್ ಎರಡನೇ ವಾರ ತೀರ್ಥಹಳ್ಳಿ ಕಡೆಯಿಂದ ನನ್ನ ಗೆಳೆಯ ಬರುತ್ತಿದ್ದಾನೆ. ಮಗಳು ಇಲ್ಲಿ ಓದುತ್ತಿದ್ದಾಳೆ, ಅವಳನ್ನು ನೋಡುವ ನೆಪ. ಫೋನಿನಲ್ಲೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾನೆ: "ಆ ಗೋಪುರ, ವಿಮಾನದ ಫ್ಯಾಕ್ಟರಿ ಎಲ್ಲ ಅವಳು ತೋರಿಸ್ತಾಳೆ. ನೀನು ನನ್ನ ಒಂದಿನ ಹೊಳೆಗೆ ಕರ್ಕೊಂಡು ಹೋಗು ಮಾರಾಯ."

ಇವನು ಮುಂಗಾರಿನ ಮೊದಲ ಮಳೆಗೆ ಹತ್ತುಮೀನು, ಅಂದರೆ ಮೊಟ್ಟೆ ಇಡಲು ಹೊಳೆಯಿಂದ ಮೇಲಕ್ಕೆ ಹತ್ತಿ ಬರುವ ಮೀನು, ಹಿಡಿದು ಬೆಳೆದವನು. ಗದ್ದೆಯ ನೀರು ತೋಡಿಗೆ ಬೀಳುವ ಕಡೆ ಕೂಣಿ (ಮೀನು ಹಿಡಿಯುವ ಬುಟ್ಟಿ) ಇಟ್ಟು ರಾತ್ರಿಯೆಲ್ಲ ಕಾಯುತ್ತಿದ್ದ. ಸ್ಟೀಲ್‌ಹೆಡ್ ಮೊಟ್ಟೆ ಇಡುವುದಕ್ಕೆ ಸಮುದ್ರದಿಂದ ನದಿ ಹತ್ತಿ ಬರುತ್ತದೆ ಅಂದಾಗ ನಾನು ಮುಂದಿನದು ವಿವರಿಸಬೇಕಾಗಲೇ ಇಲ್ಲ.

ನಮಗೆ ಬೇಕಿರುವುದು ಆರಾಮದ ದಿನ. ಬೆಳಗಿನ ಜಾವ ಮೂರಕ್ಕೆ ಏಳುವುದು, ಜಾಗಕ್ಕೆ ಜಗಳ ಆಡುವುದು ಬೇಡ. ಅವನಿಗೆ ಮಂಡಿ ನೋವು, ಆಳದ ನೀರಲ್ಲಿ ಜಾಸ್ತಿ ಹೊತ್ತು ನಿಲ್ಲಲಾರ. ಮೀನು ಸಿಗದಿದ್ದರೂ ಪರವಾಗಿಲ್ಲ ಅಂತ ಬಾಯಲ್ಲಿ ಹೇಳುತ್ತೇನೆ. ಆದರೆ ಅಷ್ಟು ದೂರದಿಂದ ಬಂದವನು ಬರಿಗೈಯಲ್ಲಿ ಹೋದರೆ ಊರಲ್ಲಿ ನನ್ನ ಮರ್ಯಾದೆ ಏನಾಗಬೇಕು? ಯಾವ ನದಿ ಒಳ್ಳೆಯದು? ಗೈಡ್ ಇಟ್ಟುಕೊಳ್ಳಬೇಕಾ, ದಂಡೆಯಿಂದಲೇ ಗಾಳ ಹಾಕಬಹುದಾ?

ಮಳೆಕಾಡು, ಪೋರ್ಟ್ ಏಂಜಲಿಸ್

ಹೋ ನದಿ. ಬೇರೆ ಮಾತೇ ಇಲ್ಲ.

ಮೌಂಟ್ ಒಲಿಂಪಸ್‌ನ ಹಿಮನದಿ ಕರಗಿ ಬರುವ ನೀರು, ಹಾಲು ಬೆರೆಸಿದ ಹಸಿರು ಬಣ್ಣ. ಎರಡೂ ಕಡೆ ಸಿಟ್ಕಾ ಸ್ಪ್ರೂಸ್, ಮೇಪಲ್ ಮರದ ಕೊಂಬೆಯಿಂದ ಪಾಚಿ ಜೋತು ಬಿದ್ದಿರುತ್ತದೆ. ಮಾರ್ಚ್ ಅಂದರೆ ದೊಡ್ಡ ಕಾಡು ಮೀನಿನ, ಅಂದರೆ ನದಿಯಲ್ಲೇ ಹುಟ್ಟಿದ ಮೀನಿನ ಕಾಲ. ನೀರು ಜಾಸ್ತಿ ಇದ್ದರೆ ಪಕ್ಕದ ಸೋಲ್ ಡಕ್ ನದಿಗೆ ಹೋಗಿ, ಅದು ಬೇಗ ತಿಳಿಯಾಗುತ್ತದೆ. ಬೊಗಾಚೀಲ್ ನದಿಯಲ್ಲಿ ಹ್ಯಾಚರಿ ಮೀನು (ಮರಿ ಸಾಕುವ ಕೇಂದ್ರದಿಂದ ಬಿಟ್ಟದ್ದು) ಜನವರಿಗೇ ಬಹುತೇಕ ಮುಗಿದಿರುತ್ತದೆ, ಅದನ್ನು ನಂಬಿಕೊಂಡು ಹೋಗಬೇಡಿ. ಫೋರ್ಕ್ಸ್ ಊರಲ್ಲಿ ರಾತ್ರಿ ಉಳಿಯಿರಿ.

ಒಂದು ವಿಷಯ. 2020ರ ಡಿಸೆಂಬರ್‌ನಲ್ಲಿ ಈ ಕರಾವಳಿ ನದಿಗಳಲ್ಲಿ ಎರೆ ಹಾಕುವುದನ್ನೂ ದೋಣಿಯಲ್ಲಿ ಕೂತು ಗಾಳ ಹಾಕುವುದನ್ನೂ ನಿಲ್ಲಿಸಿದರು. ಆಮೇಲೆ ವರ್ಷಕ್ಕೊಂದು ನಿಯಮ. ಹೋಗುವ ಮುಂಚೆ ನೋಡಿಕೊಳ್ಳಿ.

ಬೆಲ್‌ವ್ಯೂ ಭಟ್ಟ

ತೀರ್ಥಹಳ್ಳಿಯವನಿಗೆ ಮಳೆ, ಪಾಚಿ ತೋರಿಸುವುದಕ್ಕೆ ನಾಲ್ಕು ಗಂಟೆ ಕಾರು ಓಡಿಸಬೇಕಾ ಸ್ವಾಮಿ? ಆಗುಂಬೆ ಅವನ ಮನೆ ಪಕ್ಕದಲ್ಲೇ ಇದೆ.

ಮಳೆಕಾಡು

ಆಗುಂಬೆಯಲ್ಲಿ ಸ್ಟೀಲ್‌ಹೆಡ್ ಇಲ್ಲ ಭಟ್ರೇ.

ಗಾಳಗೌಡ, ಟಕೋಮಾ

ಕೌಲಿಟ್ಜ್ ನದಿಗೆ ಹೋಗಿ. ಸುಮ್ನೆ ಹೇಳುತ್ತಿಲ್ಲ, ಕಾರಣ ಇದೆ.

ಮಾರ್ಚ್‌ನಲ್ಲಿ ಒಂದು ಜೋರು ಮಳೆ ಬಂದರೆ ಉಳಿದ ನದಿಗಳೆಲ್ಲ ಕೆಂಪು ನೀರು. ಗೆಳೆಯನ ಟಿಕೆಟ್ ಮುಂದೂಡಲಿಕ್ಕೆ ಆಗುತ್ತದಾ? ಕೌಲಿಟ್ಜ್‌ಗೆ ಮೇಲುಗಡೆ ಮೇಫೀಲ್ಡ್, ಮಾಸಿರಾಕ್ ಅಂತ ಎರಡು ಅಣೆಕಟ್ಟು. ಮಾಸಿರಾಕ್ 1968ರದ್ದು, 606 ಅಡಿ, ಈ ರಾಜ್ಯದಲ್ಲೇ ಅತಿ ಎತ್ತರದ್ದು. ಕೆಸರು ಮೇಲೆಯೇ ಕೂತುಬಿಡುತ್ತದೆ, ಕೆಳಗೆ ನೀರನ್ನು ಅಳೆದು ಬಿಡುತ್ತಾರೆ. ಹಾಗಾಗಿ ಬೇರೆ ಕಡೆ ಗಾಳ ಹಾಕಲು ಆಗದ ದಿನವೂ ಅಲ್ಲಿ ಆಗುತ್ತದೆ.

ಬ್ಲೂ ಕ್ರೀಕ್ ಹತ್ತಿರ ಟ್ರೌಟ್ ಹ್ಯಾಚರಿ ಇದೆ. ಅಲ್ಲಿ ಸುಮಾರು ಒಂದು ವರ್ಷ ಸಾಕಿ ಬಿಟ್ಟ ಮರಿ ಪೆಸಿಫಿಕ್ ಸುತ್ತಿ ಅದೇ ತೊರೆಯ ಬಾಯಿಗೆ ವಾಪಸ್ ಬರುತ್ತದೆ. ಅಲ್ಲಿನ ಚಳಿಗಾಲದ ಮೀನು ಬರುವುದೇ ತಡ, ಮಾರ್ಚ್, ಏಪ್ರಿಲ್ ಒಳ್ಳೆ ಹೊತ್ತು. ಹ್ಯಾಚರಿ ಮೀನಾದರೆ ಮನೆಗೂ ತರಬಹುದು. ಸಿಯಾಟಲ್‌ನಿಂದ ಐ-5 ಹಿಡಿದು ದಕ್ಷಿಣಕ್ಕೆ ಎರಡು ಗಂಟೆ ಚಿಲ್ಲರೆ.

ಕಾಫಿಪುಡಿ, ವ್ಯಾಂಕೂವರ್

ಬ್ಲೂ ಕ್ರೀಕ್‌ನಲ್ಲಿ ಆರಾಮ? ಅಲ್ಲಿ ಮೊಣಕೈಗೆ ಮೊಣಕೈ ತಾಗುತ್ತದೆ ಗೌಡ್ರೇ. ನನ್ನ ದಾರ ಪಕ್ಕದವನ ದಾರಕ್ಕೆ ಸುತ್ತಿಕೊಂಡು, ಅದು ಅವನ ಪಕ್ಕದವನದಕ್ಕೆ ಸುತ್ತಿಕೊಂಡು, ಮೂವರೂ ಮೀನು ಸಿಕ್ಕಿದೆ ಅಂತ ಎಳೆಯುತ್ತಿದ್ದೆವು.

ಗಾಳಗೌಡ

ಶನಿವಾರ ಹೋದರೆ ಇನ್ನೇನಾಗುತ್ತದೆ ಮೇಡಂ. ವಾರದ ನಡುವೆ ಹೋಗಬೇಕು. ಅಲ್ಲೇ ಗುಂಪಲ್ಲಿ ನಿಲ್ಲಬೇಕು ಅಂತಲೂ ಇಲ್ಲ, ಕೆಳಗಡೆ ಜಲ್ಲಿ ದಂಡೆ ಬೇಕಾದಷ್ಟಿದೆ. ಮೀನು ಹ್ಯಾಚರಿ ತಲುಪಬೇಕಾದರೆ ಆ ದಂಡೆ ದಾಟಿಕೊಂಡೇ ಬರಬೇಕು.

ಹೊಳೆಬದಿ, ಒಲಿಂಪಿಯಾ

ಎಲ್ಲರೂ ನದಿ ಹೇಳಿದಿರಿ, ಲೈಸೆನ್ಸ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಹೊರಗಿನಿಂದ ಬಂದವರಿಗೆ ಒಂದು, ಎರಡು, ಮೂರು ದಿನದ ಲೈಸೆನ್ಸ್ ಸಿಗುತ್ತದೆ. ಜೊತೆಗೆ ಕ್ಯಾಚ್ ರೆಕಾರ್ಡ್ ಕಾರ್ಡ್ ಬೇಕೇ ಬೇಕು. ಯಾವ ನದಿ ಅಂತ ಅಂಗಡಿಯವನಿಗೆ ಹೇಳಿ ತೆಗೆದುಕೊಳ್ಳಿ, ಇನ್ನೇನಾದರೂ ಸೇರಿಸಬೇಕಿದ್ದರೆ ಅವನೇ ಹೇಳುತ್ತಾನೆ. ಹಿಡಿದು ಇಟ್ಟುಕೊಂಡ ಮೀನನ್ನು ಅಲ್ಲೇ ನಿಂತು ಕಾರ್ಡಿನಲ್ಲಿ ಬರೆಯಬೇಕು. ಮನೆಗೆ ಬಂದು ಬರೆಯುತ್ತೇನೆ ಅಂದರೆ ದಂಡ.

ಮೀನು ಹತ್ತಿರ ಬಂದ ಮೇಲೆ ಮೊದಲು ನೋಡಬೇಕಾದ್ದು ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವಿನ ಪುಟ್ಟ ಮಾಂಸದ ರೆಕ್ಕೆ. ಕಿರುಬೆರಳಿನ ತುದಿಯಷ್ಟು ಇರುತ್ತದೆ. ಹ್ಯಾಚರಿಯಲ್ಲಿ ಮರಿ ಇದ್ದಾಗಲೇ ಅದನ್ನು ಕತ್ತರಿಸಿ ಬಿಟ್ಟಿರುತ್ತಾರೆ. ರೆಕ್ಕೆ ಇಲ್ಲ, ಆ ಜಾಗದಲ್ಲಿ ಮಾಗಿದ ಗಾಯದ ಗುರುತಿದೆ ಅಂದರೆ ಇಟ್ಟುಕೊಳ್ಳಬಹುದು. ರೆಕ್ಕೆ ಇದ್ದರೆ ಕಾಡು ಮೀನು, ಬಿಡಲೇಬೇಕು. 2016ರಿಂದ ರಾಜ್ಯದಲ್ಲಿ ಎಲ್ಲೂ ಕಾಡು ಸ್ಟೀಲ್‌ಹೆಡ್ ಇಟ್ಟುಕೊಳ್ಳುವ ಹಾಗಿಲ್ಲ. ಬಿಡಬೇಕಾದ ಮೀನನ್ನು ಪೂರ್ತಿ ನೀರಿನಿಂದ ಮೇಲೆತ್ತುವುದೂ ತಪ್ಪು. ಎದೆಗೆ ಅಪ್ಪಿಕೊಂಡು ಫೋಟೋ ಹಾಕುವವರು ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳಿದ ಹಾಗೆ.

ಹೊರಡುವ ಹಿಂದಿನ ರಾತ್ರಿ ತುರ್ತು ನಿಯಮಗಳ ಪುಟ ನೋಡಿ. ನೆನ್ನೆ ತೆರೆದಿದ್ದ ನದಿ ಇವತ್ತು ಮುಚ್ಚಿರಬಹುದು.

ಅವರೆಬೇಳೆ, ಬೆಂಗಳೂರು

ನನಗೆ ಒಂದು ಅರ್ಥ ಆಗಲ್ಲ. ಹಿಡಿದು ಮತ್ತೆ ನೀರಿಗೆ ಬಿಡುವುದು ಯಾವ ಸೀಮೆ ಆಟ? ತಿನ್ನುವುದಾದರೆ ಹಿಡಿದು ತಿನ್ನಿ, ಬಿಡುವುದಾದರೆ ಮುಟ್ಟಬೇಡಿ. ಬಾಯಿಗೆ ಕೊಕ್ಕೆ ಚುಚ್ಚಿ, ಅರ್ಧ ಗಂಟೆ ಎಳೆದಾಡಿ, ಆಮೇಲೆ ಸಂರಕ್ಷಣೆ ಅನ್ನುವುದು ನನ್ನ ತಲೆಗೆ ಹೋಗಲ್ಲ.

ಬೆಲ್‌ವ್ಯೂ ಭಟ್ಟ

ನಾನು ಸಸ್ಯಾಹಾರಿ. ಗಾಳ ಹಾಕುತ್ತೇನೆ, ಹಿಡಿದದ್ದನ್ನೆಲ್ಲ ಬಿಡುತ್ತೇನೆ. ಮನೆಯಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ.

ಕಾಫಿಪುಡಿ

ಭಟ್ರೇ, ನಿಮಗೆ ಸಿಗುವುದೇ ಇಲ್ಲವಲ್ಲ, ಬಿಡುವುದೆಲ್ಲಿಂದ ಬಂತು?

ಹೊಳೆಬದಿ

@ಅವರೆಬೇಳೆ, ನಿಮ್ಮ ಪ್ರಶ್ನೆ ಇಲ್ಲಿನ ನದಿ ದಂಡೆಗಳಲ್ಲೂ ದಿನಾ ಕೇಳಿಬರುತ್ತದೆ. ಹಿಂಸೆ ಇಲ್ಲ ಅಂತ ನಾನು ಹೇಳಲ್ಲ. ಮುಳ್ಳು ಇಲ್ಲದ ಒಂಟಿ ಕೊಕ್ಕೆ, ಬೇಗ ಎಳೆದು ಮುಗಿಸುವುದು, ನೀರಲ್ಲೇ ಬಿಡಿಸುವುದು, ಇಷ್ಟು ಮಾಡಿದರೆ ತಣ್ಣಗಿನ ನೀರಲ್ಲಿ ಬಹುತೇಕ ಮೀನು ಬದುಕುತ್ತದೆ. ನೀರು ಬೆಚ್ಚಗಾದಾಗ ಲೆಕ್ಕ ಬೇರೆ, ಆಗ ಸುಮ್ಮನೆ ಮನೆಯಲ್ಲಿರುವುದೇ ವಾಸಿ.

ಆದರೆ ನದಿಗೆ ಇಳಿಯುವವರೇ ಇಲ್ಲದಿದ್ದರೆ ನದಿ ಪರ ಮಾತಾಡುವವರೂ ಇರುವುದಿಲ್ಲ. ಸಿಯಾಟಲ್ ಪಕ್ಕದ ಸಮುದ್ರದ ಒಳಚಾಚು ಪ್ಯೂಜೆಟ್ ಸೌಂಡ್‌ನ ಸ್ಟೀಲ್‌ಹೆಡ್ 2007ರಲ್ಲಿ ಅಪಾಯದಲ್ಲಿರುವ ಮೀನಿನ ಪಟ್ಟಿಗೆ ಸೇರಿತು. ಸ್ಕಾಜಿಟ್ ನದಿಯ ವಸಂತದ ಸೀಸನ್ ವರ್ಷಗಟ್ಟಲೆ ಮುಚ್ಚಿತ್ತು. 2018ರಲ್ಲಿ ಹಿಡಿದು ಬಿಡುವ ಷರತ್ತಿನ ಮೇಲೆ ತೆರೆಯಿತು, ಅದಕ್ಕೆ ಓಡಾಡಿದ್ದು ಗಾಳದವರೇ. ಇದು ಸರಿಯಾದ ಉತ್ತರ ಅಂತಲ್ಲ, ನನ್ನ ಉತ್ತರ.

ಅವರೆಬೇಳೆ

ಓಡಾಡಿದ್ದು ಮೀನಿಗಾಗಿಯೋ ಸೀಸನ್‌ಗಾಗಿಯೋ?

ಹೊಳೆಬದಿ

ಎರಡಕ್ಕೂ. ಮುಚ್ಚುಮರೆ ಏನಿಲ್ಲ.

ವೀಕೆಂಡ್ ಬೆಸ್ತ, ಕೆಂಟ್

ನಾವು ಒಂದೊಂದು ಮೀನನ್ನು ಮುದ್ದಾಡಿ ಬಿಡುತ್ತೇವೆ. ಅದೇ ನದಿಯ ಬಾಯಲ್ಲಿ ಬುಡಕಟ್ಟಿನವರು ಅಡ್ಡ ಬಲೆ ಕಟ್ಟುತ್ತಾರೆ. ಇದನ್ನು ಯಾರೂ ಮಾತಾಡಲ್ಲ.

ಮಳೆಕಾಡು

ಎಲ್ಲರೂ ಮಾತಾಡುತ್ತಾರೆ ಗುರುವೇ, ಅರ್ಧ ಮಾತ್ರ. 1850ರ ದಶಕದ ಒಪ್ಪಂದಗಳಲ್ಲಿ ಬುಡಕಟ್ಟುಗಳು ಲಕ್ಷಾಂತರ ಎಕರೆ ನೆಲ ಬಿಟ್ಟುಕೊಟ್ಟವು, ತಮ್ಮ ವಾಡಿಕೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮಾತ್ರ ಉಳಿಸಿಕೊಂಡವು. ನಂತರ ಆ ಹಕ್ಕನ್ನೂ ಕಿತ್ತುಕೊಂಡು ಅವರನ್ನೇ ಜೈಲಿಗೆ ಹಾಕಿದರು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಎಷ್ಟು ಸಲ ಜೈಲಿಗೆ ಹೋದರು ಅಂತ ಓದಿ ನೋಡಿ. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದು ಅಂತ ತೀರ್ಪು ಕೊಟ್ಟರು. 1979ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ಎಲ್ವಾ ನದಿಯ ಎರಡು ಅಣೆಕಟ್ಟು ಒಡೆಯಿರಿ ಅಂತ ದಶಕಗಟ್ಟಲೆ ಹೋರಾಡಿದವರಲ್ಲಿ ಅಲ್ಲಿನ ಕ್ಲಾಲಮ್ ಬುಡಕಟ್ಟಿನ ಜನ ಮುಂದೆ ಇದ್ದರು. 2011ರಲ್ಲಿ ಒಡೆಯಲು ಶುರು ಮಾಡಿ 2014ಕ್ಕೆ ಮುಗಿಸಿದರು. ನೂರು ವರ್ಷ ಮೇಲೆ ಹತ್ತಲಾಗದೆ ಇದ್ದ ಮೀನು ಈಗ ಹತ್ತುತ್ತಿದೆ. ಅಣೆಕಟ್ಟಿನ ಮೇಲುಗಡೆ ಸಿಕ್ಕಿಕೊಂಡು ರೇನ್‌ಬೋ ಟ್ರೌಟ್ ಆಗಿ ಉಳಿದಿದ್ದವುಗಳ ಸಂತತಿಯೂ ಮತ್ತೆ ಸಮುದ್ರಕ್ಕೆ ಇಳಿದು ಬೇಸಿಗೆ ಸ್ಟೀಲ್‌ಹೆಡ್ ಆಗಿ ವಾಪಸ್ ಬಂದಿದೆ. ನನ್ನ ಮನೆಯಿಂದ ಹತ್ತು ಹದಿನೈದು ನಿಮಿಷದ ದಾರಿ. ಸೇತುವೆ ಮೇಲೆ ನಿಂತು ನೋಡುವುದಕ್ಕೇ ಹೋಗುತ್ತಿರುತ್ತೇನೆ.

ವೀಕೆಂಡ್ ಬೆಸ್ತ

ರೇನ್‌ಬೋ ಟ್ರೌಟ್ ಬೇರೆ, ಸ್ಟೀಲ್‌ಹೆಡ್ ಬೇರೆ ಅಲ್ವಾ?

ಹೊಳೆಬದಿ

ಒಂದೇ ಜಾತಿ, ಆಂಕೊರಿಂಕಸ್ ಮೈಕಿಸ್. ಹೊಳೆಯಲ್ಲೇ ಉಳಿದದ್ದು ರೇನ್‌ಬೋ, ಸಮುದ್ರಕ್ಕೆ ಹೋಗಿ ಬಂದದ್ದು ಸ್ಟೀಲ್‌ಹೆಡ್. ಒಂದೇ ತಾಯಿಯ ಮರಿಗಳಲ್ಲಿ ಎರಡೂ ಇರಬಹುದು. ಪೆಸಿಫಿಕ್ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ, ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕಿ ಸಮುದ್ರಕ್ಕೆ ವಾಪಸ್ ಹೋಗಿ ಮತ್ತೆ ಬರುತ್ತವೆ. ಬಿಟ್ಟ ಮೀನಿಗೆ ಬೆಲೆ ಇರುವುದು ಅದಕ್ಕೇ.

ಗುವೆಲ್ಫ್ ಗುಂಡ, ಒಂಟಾರಿಯೊ

ಸ್ಟೀಲ್‌ಹೆಡ್‌ಗೆ ವಾಷಿಂಗ್ಟನ್ ಒಂದೇ ಅಂದುಕೊಂಡಿದ್ದೀರಾ? ಗೆಳೆಯನನ್ನು ಟೊರಾಂಟೊ ಮೇಲೆ ಕಳಿಸಿ. ನಮ್ಮ ಕ್ರೆಡಿಟ್, ಸಾಗೀನ್ ನದಿಗಳಲ್ಲಿ ಏಪ್ರಿಲ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಮೀನು.

ಮಳೆಕಾಡು

ಅವು ಕೆರೆ ಮೀನು. ಉಪ್ಪು ನೀರನ್ನೇ ನೋಡದ ಮೀನಿಗೆ ಸ್ಟೀಲ್‌ಹೆಡ್ ಅನ್ನಬೇಡಿ.

ಗುವೆಲ್ಫ್ ಗುಂಡ

ಶುರುವಾಯ್ತು ನೋಡಿ ಮಡಿ ಮೈಲಿಗೆ. ಮಿಶಿಗನ್‌ನ ಔ ಸೇಬಲ್ ನದಿಗೆ 1876ರಲ್ಲೇ ಕ್ಯಾಲಿಫೋರ್ನಿಯಾದ ಮರಿ ತಂದು ಬಿಟ್ಟಿದ್ದಾರೆ. ನೂರೈವತ್ತು ವರ್ಷದಿಂದ ಇಲ್ಲಿದೆ. ನೀವು ನಾನು ಬಂದು ಎಷ್ಟು ವರ್ಷ ಆಯಿತು ಸ್ವಾಮಿ?

ಕಾಫಿಪುಡಿ

ಗುಂಡಣ್ಣ ಹೊಡೆದ್ರು ಸಿಕ್ಸರ್.

ಕಬಿನಿ ಹಿನ್ನೀರು, ಮೈಸೂರು

ನಡುವೆ ಬಾಯಿ ಹಾಕುತ್ತಿದ್ದೇನೆ. ಗಾಳದ ವಿಷಯದಲ್ಲಿ ನಮ್ಮ ಕಡೆಯವರೇನು ಕಡಿಮೆ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕೆಜಿ. ಹುಲಿ ಚಿರತೆಗೆ ಹೊಟ್ಟು ತುಂಬುತ್ತಿದ್ದರಲ್ಲ, ಅದೇ ಮನೆತನ. ಸ್ಟೀಲ್‌ಹೆಡ್‌ನ ದೊಡ್ಡದು ಎಷ್ಟು?

ಗಾಳಗೌಡ

1970ರಲ್ಲಿ ಅಲಾಸ್ಕಾದ ಬೆಲ್ ಐಲ್ಯಾಂಡ್ ಹತ್ತಿರ ಸಿಕ್ಕಿದ್ದು 42 ಪೌಂಡ್ ಚಿಲ್ಲರೆ. ಹಿಡಿದದ್ದು ಎಂಟು ವರ್ಷದ ಹುಡುಗ. ನಾವು ಸಾಮಾನ್ಯವಾಗಿ ನೋಡುವುದು ಏಳು, ಎಂಟು ಪೌಂಡ್. ಹದಿನೈದು ದಾಟಿದರೆ ಕೈ ನಡುಗುತ್ತದೆ.

ಕಬಿನಿ ಹಿನ್ನೀರು

ನಮ್ಮದನ್ನು ಈಗ ಹಿಡಿಯುವಂತೆಯೇ ಇಲ್ಲ ಬಿಡಿ. ಭೀಮೇಶ್ವರಿ, ದೊಡ್ಡಮಕಳಿ, ಗಾಲಿಬೋರೆಗೆ ಒಂದು ಕಾಲಕ್ಕೆ ಇಂಗ್ಲೆಂಡಿನಿಂದ ಜನ ಬರುತ್ತಿದ್ದರು. ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು ಕೊಕ್ಕೆಗೆ ಮೆತ್ತಿ, ಹರಿಗೋಲಲ್ಲಿ ಹೋಗಿ ಹಾಕಿ ಬರುತ್ತಿದ್ದರು. ಕಾವೇರಿ ವನ್ಯಧಾಮದಲ್ಲಿ ಗಾಳ ನಿಂತು ವರ್ಷಗಳಾದವು. ಕಾವೇರಿಯ ಆ ಗೂನು ಬೆನ್ನಿನ ಮಹಶೀರ್‌ಗೆ 2018ರಲ್ಲಿ ಟಾರ್ ರೆಮಾದೇವಿ ಅಂತ ಹೆಸರು ಖಾತ್ರಿ ಆಯಿತು, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಹೋಯಿತು. ಗಾಳದ ಕ್ಯಾಂಪ್ ಇದ್ದಾಗ ಡೈನಮೈಟ್ ಹಾಕುವವರನ್ನು ಕಾಯಲು ಜನ ಇರುತ್ತಿದ್ದರು ಅಂತ ಹಳಬರು ಈಗಲೂ ವಾದ ಮಾಡುತ್ತಾರೆ. ಅವರೆಬೇಳೆಯವರು ಕೇಳಿದ್ದಕ್ಕೆ ಇದೂ ಒಂದು ಉತ್ತರ.

ಅವರೆಬೇಳೆ

ಶಿಶಿಲದಲ್ಲಿ ದೇವರ ಮೀನು ಅಂತ ಯಾರೂ ಗಾಳ ಹಾಕಲ್ಲ, ಆದರೂ ಅಲ್ಲಿ ಮೀನು ಇಲ್ವಾ? ಶೃಂಗೇರಿಯಲ್ಲಿ ಇಲ್ವಾ?

ಕಬಿನಿ ಹಿನ್ನೀರು

ಅದೇ ಶಿಶಿಲದಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ನೆನಪಿಗೆ ಸ್ಮಾರಕವೇ ಇದೆ. ದೇವರು ಇದ್ದರೂ ಕಾವಲು ಬೇಕು.

ತುಂಗಾತೀರ

ನಾನು ಕೇಳಿದ್ದು ಯಾವ ನದಿ ಅಂತ, ನೀವು ಸುಪ್ರೀಂ ಕೋರ್ಟಿನಿಂದ ಶಿಶಿಲದವರೆಗೆ ಹೋದಿರಿ. ಇರಲಿ, ಓದಲು ಚೆನ್ನಾಗಿತ್ತು.

ಕೌಲಿಟ್ಜ್ ಅಂತ ತೀರ್ಮಾನ ಮಾಡಿದ್ದೇನೆ. ಗೈಡ್ ಬೇಡ. ಅವನು ಬೇರೆಯವರ ಮಾತು ಕೇಳಿಕೊಂಡು ಮೀನು ಹಿಡಿಯುವ ಗಿರಾಕಿ ಅಲ್ಲ, ಆ ಮನುಷ್ಯನಿಗೇ ಪಾಠ ಹೇಳಲು ಶುರು ಮಾಡುತ್ತಾನೆ. ಗೌಡ್ರೇ, ಸಾಮಾನು ಏನು ತರಲಿ? ನನ್ನ ಹತ್ತಿರ ಸ್ಪೂನ್ (ಚಮಚದಂಥ ಲೋಹದ ಹುಸಿ ಎರೆ) ಹಾಕುವ ಒಂದು ರಾಡ್ ಇದೆ ಅಷ್ಟೇ.

ಗಾಳಗೌಡ

ಮಂಡಿ ನೋವಿನವರಿಗೆ ಫ್ಲೋಟ್ (ತೇಲುಬೆಂಡು) ಕಟ್ಟಿ ಕೊಡಿ, ಎಲ್ಲಕ್ಕಿಂತ ಸುಲಭ. ಹತ್ತು, ಹತ್ತೂವರೆ ಅಡಿಯ ರಾಡ್. ಮೇನ್ ಲೈನ್ 30 ಪೌಂಡ್ ಬ್ರೇಡ್ (ಹೆಣೆದ ದಾರ), ಅದು ತೇಲುತ್ತದೆ. ಕೆಳಗೆ ಕೊಕ್ಕೆಗೆ ಕಟ್ಟುವ ತುಂಡು ದಾರ, 12 ಪೌಂಡ್ ಲೀಡರ್. ತುದಿಗೆ ಗುಲಾಬಿ ಜಿಗ್ (ತೂಕದ ತಲೆಯ ಕೊಕ್ಕೆ) ಅಥವಾ ಮಣಿ, ನೀರಿನಲ್ಲಿ ಮಣಿ ಸಾಲ್ಮನ್ ಮೊಟ್ಟೆಯಂತೆ ಕಾಣುತ್ತದೆ. ನೆಲದಿಂದ ಒಂದೆರಡು ಅಡಿ ಮೇಲೆ ತೇಲುವ ಹಾಗೆ ಆಳ ಹೊಂದಿಸಿ. ಫ್ಲೋಟ್ ಆಗಾಗ ತಡವರಿಸಿದರೆ ಕಲ್ಲು ತಾಗುತ್ತಿದೆ ಅಂತ, ಸ್ವಲ್ಪ ಮೇಲೆತ್ತಿ.

ರಭಸದ ಬಿಳಿ ನೀರು ಬಿಡಿ, ನಿಂತ ನೀರೂ ಬಿಡಿ. ನೀವು ದಂಡೆಯಲ್ಲಿ ಆರಾಮಾಗಿ ನಡೆಯುವ ವೇಗ ಇದೆಯಲ್ಲ, ಆ ವೇಗದಲ್ಲಿ ಹರಿಯುವ, ಎದೆಮಟ್ಟದ ನೀರು ನೋಡಿ. ವೇಗದ ನೀರೂ ನಿಧಾನದ ನೀರೂ ಸೇರುವ ಗೆರೆ ಮೇಲ್ಗಡೆಯೇ ಕಾಣುತ್ತದೆ. ಅದರ ಉದ್ದಕ್ಕೂ ಬಿಡಿ. ನೀರಿನ ಮೇಲೆ ಬಾಗಿದ ದಾರ ಫ್ಲೋಟನ್ನು ಎಳೆಯದ ಹಾಗೆ ಆಗಾಗ ಎತ್ತಿ ಹಿಂದಕ್ಕೆ ಹಾಕುತ್ತಿರಿ. ಇದೊಂದು ಕಲಿತರೆ ಸಾಕು.

ಬೆಲ್‌ವ್ಯೂ ಭಟ್ಟ

ರಾಗಿ ಮುದ್ದೆ ಕೆಲಸ ಮಾಡುತ್ತದಾ?

ಗಾಳಗೌಡ

ಮೀನಿಗೆ ಮಾಡಲ್ಲ, ನಿಮಗೆ ಮಾಡುತ್ತದೆ. ಸೊಪ್ಪಿನ ಸಾರು ಜೊತೆಗಿಟ್ಟುಕೊಳ್ಳಿ.

ಕಾಫಿಪುಡಿ

ತಮಾಷೆ ಸಾಕು, ಒಂದು ಗಂಭೀರ ಮಾತು. ವೇಡರ್ (ನೀರಿಗಿಳಿಯಲು ಹಾಕುವ, ನೀರು ಹಿಡಿಯದ ಉಡುಪು) ಹಾಕಿದರೆ ಸೊಂಟಕ್ಕೆ ಬೆಲ್ಟ್ ಬಿಗಿಯಾಗಿ ಕಟ್ಟಿಸಿ. ಜಾರಿ ಬಿದ್ದರೆ ಒಳಗೆ ನೀರು ನುಗ್ಗುವುದನ್ನು ಅದೇ ತಡೆಯುವುದು. ಮೊಣಕಾಲಿಗಿಂತ ಮೇಲೆ ಇಳಿಯಬೇಡಿ. ಊರಿನ ಹೊಳೆಯಲ್ಲಿ ಈಜಿದ ಧೈರ್ಯ ಇಲ್ಲಿ ಉಪಯೋಗಕ್ಕೆ ಬರಲ್ಲ, ಈ ನೀರು ಬಿದ್ದ ತಕ್ಷಣ ಉಸಿರು ಹಿಡಿಸುತ್ತದೆ. ಅಣೆಕಟ್ಟಿನ ಕೆಳಗೆ ನೀರು ಏರುವುದೂ ಗೊತ್ತಾಗಲ್ಲ, ದಂಡೆಯ ಒಂದು ಕಲ್ಲನ್ನು ಗುರುತಿಟ್ಟುಕೊಂಡು ನೋಡುತ್ತಿರಿ.

ತುಂಗಾತೀರ

ಹೋಗಿ ಬಂದೆವು. ಕೇಳಿದವರಿಗೆಲ್ಲ ಒಟ್ಟಿಗೆ ವರದಿ.

ಮಂಗಳವಾರ ಬೆಳಗ್ಗೆ ದೋಸೆ ತಿಂದು ಎಂಟಕ್ಕೆ ಹೊರಟೆವು. ಬ್ಲೂ ಕ್ರೀಕ್‌ನಲ್ಲಿ ಮಂಗಳವಾರವೂ ಜನ. ಗೆಳೆಯ ಕಾರಿನಿಂದ ಇಳಿದು ಒಂದು ನೋಟ ನೋಡಿ, "ಇದೇನು ಎಳ್ಳಮಾವಾಸ್ಯೆ ಜಾತ್ರೆಯಾ?" ಅಂದ. ಅಲ್ಲಿ ದಾರವನ್ನೇ ಬಿಚ್ಚಲಿಲ್ಲ. ಗೌಡರು ಹೇಳಿದ ಹಾಗೆ ಕೆಳಗಡೆ ಹೋಗಿ ಒಂದು ಜಲ್ಲಿ ದಂಡೆ ಹಿಡಿದೆವು. ದೂರದಲ್ಲಿ ಒಬ್ಬ ಮುದುಕಪ್ಪ ಬಿಟ್ಟರೆ ಯಾರೂ ಇಲ್ಲ.

ನಾನು ರಾಡ್ ಜೋಡಿಸುವ ಹೊತ್ತಿಗೆ ಇವನು ನೀರಿನಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಲ್ಲು ಮಗುಚುತ್ತಿದ್ದ. ಒಂದು ಕಲ್ಲಿನ ಅಡಿಯಲ್ಲಿ ಮರಳು ಕಣಗಳನ್ನು ಅಂಟಿಸಿ ಮಾಡಿದ ಸಣ್ಣ ಕೊಳವೆಗಳು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡವು. ಒಂದನ್ನು ಅಂಗೈಯಲ್ಲಿಟ್ಟು ಕಾದ. ಸ್ವಲ್ಪ ಹೊತ್ತಿಗೆ ಕಪ್ಪು ತಲೆ, ಆರು ಕಾಲು ಹೊರಗೆ ಬಂದವು. ಕ್ಯಾಡಿಸ್ ಹುಳು. "ನಮ್ಮ ಹಳ್ಳದಲ್ಲೂ ಇತ್ತು. ತೋಟಕ್ಕೆ ಔಷಧಿ ಜಾಸ್ತಿ ಆದ ಮೇಲೆ ನೋಡಿಲ್ಲ" ಅಂದ. ಅದನ್ನು ಅದೇ ಕಲ್ಲಿನ ಕೆಳಗೆ ಇಟ್ಟು, ಕಲ್ಲನ್ನು ಮೊದಲಿದ್ದ ಹಾಗೇ ಕೂರಿಸಿದ. ಈ ಹೊಳೆಗೆ ಮೀನು ಬರುತ್ತದೆ ಅಂತ ಅವನಿಗೆ ಖಾತ್ರಿಯಾಗಿದ್ದು ಆಗಲೇ. ನಾನು ಮೊಬೈಲಲ್ಲಿ ನೀರಿನ ಮಟ್ಟದ ಗ್ರಾಫ್ ತೋರಿಸಿದೆ, ಅದನ್ನು ಅವನು ಸರಿಯಾಗಿ ನೋಡಲೂ ಇಲ್ಲ.

ಮಧ್ಯಾಹ್ನದವರೆಗೆ ಏನೂ ಇಲ್ಲ. ಸಣ್ಣಗೆ ಹನಿ ಮಳೆ. ಫ್ಲೋಟ್ ಬಿಡುವುದು, ಕೆಳಗೆ ಹೋಗುವ ತನಕ ನೋಡುವುದು, ಸುತ್ತಿ ಮತ್ತೆ ಬಿಡುವುದು. ಮಾತು ಮಾತ್ರ ನಿಲ್ಲಲಿಲ್ಲ. ಶಾಲೆಯ ಮೇಷ್ಟ್ರು, ಮಂಗನ ಕಾಟ, ಎಲೆಚುಕ್ಕಿ ರೋಗ, ಯಾರ ಜಮೀನು ಯಾರಿಗೆ ಹೋಯಿತು. ನನ್ನ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ, ಅವನು ಊರಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ. ಜಲ್ಲಿ ಮೇಲೆ ಟಾರ್ಪಾಲ್ ಹಾಸಿ ತಿಂದೆವು.

ನನ್ನದೊಂದು ತಪ್ಪಿತು. ಫ್ಲೋಟ್ ಮುಳುಗಿತು, ಎಳೆದೆ, ಎರಡು ಸಲ ತಲೆ ಕೊಡವಿತು, ದಾರ ಸಡಿಲ. ಅಷ್ಟೇ. ಗೆಳೆಯನ ಮುಖದಲ್ಲಿ ಆಗ ಬಂದ ಸಮಾಧಾನ ನಾನು ಮರೆಯುವ ಹಾಗಿಲ್ಲ.

ಮೂರು ಗಂಟೆ ಹೊತ್ತಿಗೆ ನಾನು ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸುತ್ತಿದ್ದೆ. ಹಿಂದಿನಿಂದ "ಏಯ್" ಅಂತ ಒಂದೇ ಕೂಗು. ತಿರುಗಿದರೆ ರಾಡ್ ಬಾಗಿದೆ, ರೀಲ್ ಕಿರ್ರ್ ಅನ್ನುತ್ತಿದೆ, ನದಿಯ ನಡುವೆ ಬೆಳ್ಳಗಿನದು ಪೂರ್ತಿ ನೀರಿನಿಂದ ಮೇಲೆ ಎಗರಿ ಬಿತ್ತು. ಮಂಡಿ ನೋವಿನವನು ಜಲ್ಲಿ ಮೇಲೆ ಓಡುತ್ತಿದ್ದಾನೆ! ನಾನು ರಾಡ್ ಮೇಲೆತ್ತು ಅನ್ನುತ್ತೇನೆ, ಅವನು ನೀನು ಬಾಯಿ ಮುಚ್ಚು ಅನ್ನುತ್ತಾನೆ. ಮೂರು ಸಲ ದಂಡೆ ಹತ್ತಿರ ಬಂದು ಮೂರು ಸಲ ವಾಪಸ್ ಓಡಿತು. ಕೊನೆಗೆ ಮೊಣಕಾಲು ನೀರಿನಲ್ಲಿ ಮಗ್ಗುಲಾಯಿತು. ಹೆಣ್ಣು ಮೀನು, ಹತ್ತು ಪೌಂಡ್ ಮೇಲಿತ್ತು ಅಂತ ನನ್ನ ಅಂದಾಜು. ಬೆನ್ನು ಉಕ್ಕಿನ ನೀಲಿ, ಕೆನ್ನೆಯಲ್ಲಿ ತೆಳು ಗುಲಾಬಿ, ಹೊಟ್ಟೆ ಅಚ್ಚ ಬಿಳಿ. ಬಾಲದ ಹತ್ತಿರ ಆ ಪುಟ್ಟ ರೆಕ್ಕೆ ಇಡಿಯಾಗಿ ಎದ್ದು ನಿಂತಿತ್ತು.

ಕಾಡು ಮೀನು. ಬಿಡಬೇಕು ಅಂದೆ. ಅವನು ಮಾತಾಡಲಿಲ್ಲ. ಕೈ ಒದ್ದೆ ಮಾಡಿಕೊಂಡು ಬಾಲದ ಬುಡ ಹಿಡಿದ, ನಾನು ಇಕ್ಕುಳದಲ್ಲಿ ಕೊಕ್ಕೆ ತೆಗೆದೆ. ಮುಳ್ಳಿಲ್ಲದ್ದು, ತಟಕ್ಕನೆ ಬಂತು. ಹರಿವಿಗೆ ಮುಖ ಮಾಡಿ ಹಿಡಿದುಕೊಂಡ. ಕಿವಿರು ತೆರೆದು ಮುಚ್ಚಿ ಆಡುತ್ತಿತ್ತು. ಬಾಲಕ್ಕೆ ಬಲ ಬಂದ ಕೂಡಲೇ ಕೈ ಒದರಿಕೊಂಡು, ಇಬ್ಬರ ಮುಖಕ್ಕೂ ನೀರು ಎರಚಿ ಹೋಯಿತು. "ನಮ್ಮಲ್ಲಿ ಹತ್ತುಮೀನು ಹತ್ತುವಾಗ ಹೊಟ್ಟೆ ತುಂಬ ಮೊಟ್ಟೆ ಇರ್ತಿತ್ತು. ಒಂದನ್ನೂ ಬಿಟ್ಟವರಲ್ಲ ನಾವು" ಅಂದ. ಆಮೇಲೆ ತಣ್ಣಗಾದ ಕಾಫಿ ಯಾಕೆ ಕೊಟ್ಟೆ ಅಂತ ಬೈದ.

ಊರಿನ ವಾಟ್ಸಾಪ್ ಗುಂಪಿಗೆ ಅವನು ರಾತ್ರಿಯೇ ಹಾಕಿದ. ಹತ್ತು ಪೌಂಡ್ ಮೀನು ಹಿಡಿದು ಬಿಟ್ಟೆವು ಅಂದರೆ ಒಬ್ಬನೂ ನಂಬುತ್ತಿಲ್ಲ. ನಾನು ಮಾಡಿದ ವಿಡಿಯೋದಲ್ಲಿ ಇರುವುದು ಅವನ ಬೆನ್ನು, ನನ್ನ ಹೆಬ್ಬೆರಳು, ಕೊನೆಯಲ್ಲಿ ಒಂದು ಬಾಲ.

ಕಾಫಿಪುಡಿ

ಫೋಟೋ ಇಲ್ಲದ ಮೀನು ಪ್ರತಿ ಸಲ ಹೇಳುವಾಗಲೂ ಒಂದು ಪೌಂಡ್ ಬೆಳೆಯುತ್ತದೆ. ಮುಂದಿನ ಯುಗಾದಿಗೆ ಹದಿನೈದು.

ಗಾಳಗೌಡ

ನಿಮ್ಮದು ತಪ್ಪಿದ್ದು ಹೇಗೆ ಅಂತ ಹೇಳಲಾ? ಫ್ಲೋಟ್ ಮುಳುಗಿದಾಗ ದಾರ ಸಡಿಲ ಇತ್ತು. ಮೊದಲು ಸುತ್ತಿ ಬಿಗಿ ಮಾಡಿ, ಆಮೇಲೆ ಎಳೆಯಬೇಕು.

ತುಂಗಾತೀರ

ಇದನ್ನೇ ಗೆಳೆಯ ವಾಪಸ್ ಬರುವಾಗ ಸೆಂಟ್ರಾಲಿಯಾದಿಂದ ಟಕೋಮಾ ತನಕ ಹೇಳಿದ.

ಮಳೆಕಾಡು

ಕಾಡು ಮೀನು ಹೋ ನದಿಯಲ್ಲೇ ಸಿಗಬೇಕು ಅಂತ ನಾನು ಎಲ್ಲೂ ಹೇಳಿಲ್ಲ. ಆದರೂ ಮುಂದಿನ ಸಲ ಈ ಕಡೆ ಬನ್ನಿ. ನಮ್ಮ ಮನೆಯಲ್ಲೇ ಉಳಿಯಬಹುದು.

ಅವರೆಬೇಳೆ

ಪೂರ್ತಿ ಓದಿದೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಕಲ್ಲು ವಾಪಸ್ ಕೂರಿಸಿದ್ದು ಮಾತ್ರ ಇಷ್ಟವಾಯಿತು. ಆ ಅಪ್ಪೆಮಿಡಿ ಯಾವ ತಳಿ?

ತುಂಗಾತೀರ

ಅನಂತಭಟ್ಟನ ಅಪ್ಪೆ. ಗೆಳೆಯನ ಅತ್ತೆ ಮನೆ ಕಡೆಯದು.

ಹೊಳೆಬದಿ

ಬಿಟ್ಟ ಮೀನನ್ನು ಕ್ಯಾಚ್ ಕಾರ್ಡಿನಲ್ಲಿ ಬರೆಯುವುದು ಬೇಡ, ಇಟ್ಟುಕೊಂಡದ್ದು ಮಾತ್ರ. ಲೈಸೆನ್ಸ್ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏನೂ ಸಿಗದಿದ್ದರೂ ಏಪ್ರಿಲ್ 30ರ ಒಳಗೆ ಕಾರ್ಡಿನ ವರದಿ ಕೊಡಿ, ಇಬ್ಬರದ್ದೂ. ಸೊನ್ನೆಯೂ ಅವರಿಗೆ ಲೆಕ್ಕವೇ.

ವೀಕೆಂಡ್ ಬೆಸ್ತ

ಮಗಳಿಗೆ ಹದಿನಾಲ್ಕು. ಇದನ್ನು ಓದಿ ಕರೆದುಕೊಂಡು ಹೋಗು ಅಂತ ಹಟ ಮಾಡುತ್ತಿದ್ದಾಳೆ. ಅವಳಿಗೂ ಲೈಸೆನ್ಸ್ ಬೇಕಾ?

ಹೊಳೆಬದಿ

ಹದಿನೈದು ಮತ್ತು ಅದಕ್ಕಿಂತ ಚಿಕ್ಕವರಿಗೆ ಲೈಸೆನ್ಸ್ ಬೇಡ. ಸ್ಟೀಲ್‌ಹೆಡ್‌ಗೆ ಹೋಗುವುದಾದರೆ ಕಾರ್ಡ್ ಮಾತ್ರ ಅವಳ ಹೆಸರಿನಲ್ಲೇ ಮಾಡಿಸಿ.